ಎರಡೂಕಾಲು ಗಂಟೆ ಬಸ್ಸಿನ ಫೈಲುಗಳು

ನನ್ನ ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಗಿರಾಕಿಗಳ ಫೈಲುಗಳನ್ನು ಅವರು ಊರಿಗೆ ವಾಪಸು ಹೋಗುವ ಬಸ್ಸಿನ ಹೊತ್ತಿನ ಪ್ರಕಾರ ಇಟ್ಟಿದ್ದೆ. ಕೇಳಿದವರು ನಗುತ್ತಾರೆ. ನಗಲಿ. ಸೋಮವಾರಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಮಳಿಗೆಯಲ್ಲಿ ಮೂವತ್ತು ವರ್ಷ ಕೂತು ಟೈಪ್ ಮಾಡಿದವಳಿಗೆ ಅದಕ್ಕಿಂತ ಒಳ್ಳೆಯ ಕ್ರಮ ಹೊಳೆಯಲಿಲ್ಲ.

ಅರ್ಜಿ, ಕರಾರು ಪತ್ರ, ಪಾಲುಪಟ್ಟಿಯ ಕರಡು, ಮದುವೆಯ ಕರೆಯೋಲೆ, ಏನೇ ಬರೆಸಲು ಬಂದವರೂ ಹೊಸ್ತಿಲು ದಾಟುವ ಮೊದಲೇ ಹೇಳುವುದು ಒಂದೇ ಮಾತು: "ಅಕ್ಕಾ, ಹನ್ನೊಂದೂವರೆ ಬಸ್ಸಿಗೆ ಹೋಗ್ಬೇಕು, ಬೇಗ ಮಾಡ್ಕೊಡಿ." ಹೆಸರು ಹೇಳುವುದು ಆಮೇಲೆ. ಹೆಸರಾದರೂ ಏನು ಉಪಯೋಗಕ್ಕೆ ಬರುತ್ತದೆ? ಒಂದೇ ಊರಿನಲ್ಲಿ ಒಂದೇ ಹೆಸರಿನವರು ಐದಾರು ಜನ. ಮನೆತನದ ಹೆಸರು ಸೇರಿಸಿದರೂ ಇಬ್ಬರು ಉಳಿದುಬಿಡುತ್ತಾರೆ. ಬಸ್ಸು ಮಾತ್ರ ಅದೇ ಊರಿಗೆ ಅದೇ ಹೊತ್ತಿಗೆ. ಹತ್ತು ವರ್ಷ ಬಿಟ್ಟು ಬಂದವರು, "ಆವತ್ತು ಒಂದು ಕಾಗದ ಮಾಡಿಸಿದ್ದೆ, ಯಾವ ಇಸವಿ ಅಂತ ನೆನಪಿಲ್ಲ" ಅಂದರೆ ನಾನು ಕೇಳುತ್ತಿದ್ದದ್ದು, "ಆಗ ಯಾವ ಬಸ್ಸಿಗೆ ಹೋಗ್ತಿದ್ರಿ?" ಅದನ್ನು ಮರೆತವರನ್ನು ನಾನು ನೋಡಿಲ್ಲ. ಇಸವಿ ಮರೆಯುತ್ತಾರೆ, ಸರ್ವೆ ನಂಬರು ಮರೆಯುತ್ತಾರೆ, ಮಗಳ ಮದುವೆಯ ತಾರೀಕನ್ನೂ ಮರೆಯುತ್ತಾರೆ, ಬಸ್ಸಿನ ಹೊತ್ತು ಮರೆಯುವುದಿಲ್ಲ.

ಆ ಕಂಪ್ಯೂಟರಿನ ಪರದೆಯ ಬಲಬದಿಯ ಮೂಲೆಯಲ್ಲಿ ಒಂದು ಚೀಟಿ ಬರತೊಡಗಿದ್ದು ಕಳೆದ ವರ್ಷ. ನಿಮ್ಮ ಕಂಪ್ಯೂಟರ್ ನಡೆಸುವ ವ್ಯವಸ್ಥೆಗೆ ಇಂಥ ತಾರೀಕಿನಿಂದ ಬೆಂಬಲ ಇರುವುದಿಲ್ಲ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು. ನಾನು ಅದರ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚುತ್ತಿದ್ದೆ. ಮರುದಿನ ಮತ್ತೆ ಬರುತ್ತಿತ್ತು. ಅರ್ಜಿಯ ನಡುವೆ, 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಅನ್ನುವಲ್ಲಿಗೆ ಸರಿಯಾಗಿ ಬರುತ್ತಿತ್ತು. ಎದುರಿಗೆ ಕೂತ ಗಿರಾಕಿ ಹೆದರಿಕೊಂಡು, "ಏನಕ್ಕಾ, ನನ್ನ ಅರ್ಜಿ ರಿಜೆಕ್ಟ್ ಆಯ್ತಾ?" ಅನ್ನುತ್ತಿದ್ದರು.

ನಮ್ಮವರು ಹೈಸ್ಕೂಲ್ ಮೇಷ್ಟರಾಗಿ ನಿವೃತ್ತರಾದವರು. ಬೆಳಿಗ್ಗೆ ತಿಂಡಿ ಮುಗಿಸಿ ನನ್ನ ಜೊತೆಯೇ ಅಂಗಡಿಗೆ ಬಂದು, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರ್ ಓದುವುದು ಅವರ ಕೆಲಸ. "ನಂಗೂ ಹೀಗೇ ಒಂದು ಕಾಗದ ಬಂದಿತ್ತಲ್ಲೇ, ಇಂಥ ತಾರೀಕಿನಿಂದ ನೀನು ಬೇಡ ಅಂತ," ಅಂದರು ಒಂದು ದಿನ ಚಷ್ಮಾ ಏರಿಸಿ. "ನಂಗಾದ್ರೆ ಹಾರ ಹಾಕಿ, ಶಾಲು ಹೊದೆಸಿ, ಪಿಂಚಣಿ ಕೊಟ್ಟು ಕಳಿಸಿದ್ರು. ಪಾಪ, ಇದಕ್ಕೆ ಅದೂ ಇಲ್ಲ."

"ನಿಮಗೆ ಹಾರ ಹಾಕಿದ್ದು ಸಾಲ್ದು ಅಂತ ಇಲ್ಲಿ ಬಂದ್ಕಂಡು ಕೂತಿದ್ದೀರಾ?" ಅಂದೆ. ನಕ್ಕು ಪೇಪರಿನೊಳಗೆ ತಲೆ ಹಾಕಿದರು.

ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಕಂಪ್ಯೂಟರ್ ಕೆಟ್ಟಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಕೆಟ್ಟಿರಲಿಲ್ಲ. ಹತ್ತು ವರ್ಷ ಬೆಳಿಗ್ಗೆ ಒಂಬತ್ತೂವರೆಗೆ ಗುಂಡಿ ಒತ್ತಿದರೆ ಎದ್ದು ಕೂರುತ್ತಿತ್ತು. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋದರೂ ತಡೆದುಕೊಂಡಿತ್ತು. ಅದರ ಎರಡು ಅಕ್ಷರದ ಕೀಲಿಗಳು ಸವೆದು ಹೋಗಿದ್ದವು, ಅವು ಎಲ್ಲಿವೆ ಎಂದು ನನ್ನ ಬೆರಳಿಗೆ ಗೊತ್ತಿತ್ತು. ಅಂಥದ್ದನ್ನು ಇನ್ನು ಮುಂದೆ ನಾವು ನೋಡಿಕೊಳ್ಳುವುದಿಲ್ಲ ಎಂದು ಎಲ್ಲೋ ಕೂತವರು ಹೇಳಿದರೆ ಹೇಗೆ?

ಇದು ನನಗೆ ನಾಲ್ಕನೆಯ ಸಲ. ಮೊದಲು ಕನ್ನಡ ಟೈಪ್‌ರೈಟರ್ ಇತ್ತು. ಅದು ಯಾರ ಬೆಂಬಲವನ್ನೂ ಕೇಳಲಿಲ್ಲ ಎಂದು ಬರೆಯಬೇಕೆನಿಸುತ್ತದೆ, ಆದರೆ ಸುಳ್ಳು ಹೇಳಬಾರದು. ಅದಕ್ಕೂ ಕೊನೆಕೊನೆಗೆ ರಿಬ್ಬನ್ ಸಿಗುವುದು ನಿಂತಿತ್ತು, ಮೈಸೂರಿಗೆ ಹೋದವರ ಹತ್ತಿರವೆಲ್ಲ ಹೇಳಿ ತರಿಸುತ್ತಿದ್ದೆ. ಆಮೇಲೆ ಬಂದ, ಇದೂ ಸೇರಿ, ಮೂರು ಕಂಪ್ಯೂಟರುಗಳೂ ಕೆಟ್ಟು ಹೋದದ್ದಲ್ಲ, ಹಳತಾಯಿತು ಎಂದು ಬೇರೆಯವರು ಹೇಳಿ ಹೋದದ್ದು. ಪ್ರತಿ ಸಲವೂ ಹೊಸದನ್ನು ಕಲಿಯುವ ಹೊತ್ತಿಗೆ ನನಗೆ ಐದೋ ಹತ್ತೋ ವರ್ಷ ಹೆಚ್ಚಾಗಿರುತ್ತಿತ್ತು. ಮೊದಲನೆಯ ಸಲ ಹುರುಪಿತ್ತು, ಎರಡನೆಯ ಸಲ ಹಟವಿತ್ತು, ಈ ಸಲ ಬರೀ ಸುಸ್ತು.

ಚೀಟಿಯನ್ನು ಮುಚ್ಚುತ್ತಾ ಇನ್ನೊಂದಷ್ಟು ವರ್ಷ ದೂಡಬಹುದಿತ್ತೇನೋ. ಆದರೆ ಆದಾಯ ಪ್ರಮಾಣಪತ್ರ, ಪಹಣಿ ಎಂದು ಜನ ಬರುತ್ತಾರಲ್ಲ, ಆ ಅರ್ಜಿಗಳೆಲ್ಲ ಈಗ ಇಂಟರ್ನೆಟ್ಟಿನಲ್ಲೇ. ಒಂದು ಸೋಮವಾರ, ಸಂತೆಯ ದಿನ, ಅಂಗಡಿಯಲ್ಲಿ ಒಂಬತ್ತು ಜನ ಕಾಯುತ್ತಿರುವಾಗ ಆ ಪುಟ ತೆರೆಯಲೇ ಇಲ್ಲ. ನಿಮ್ಮದು ಹಳೆಯದು ಎಂದಷ್ಟೇ ಬಂತು. ಒಂಬತ್ತು ಜನರೂ ನನ್ನ ಮುಖ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಎದುರು ಸಾಲಿನ ಅಂಗಡಿಗೆ ಹೋದರು. ಒಬ್ಬರು ಮಾತ್ರ ಬಿಟ್ಟು ಹೋದ ಛತ್ರಿ ತೆಗೆದುಕೊಳ್ಳಲು ವಾಪಸು ಬಂದರು.

ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದಾರೆ. ಮನೆಮಾತು ಮಲಯಾಳ, ನಮ್ಮೊಡನೆ ಕನ್ನಡ, ಫೋನಿನಲ್ಲಿ ಇನ್ನಾರೊಡನೆಯೋ ಉರ್ದು. ಅವರಿಗೆ ಫೋನ್ ಮಾಡಿದೆ. ಬಂದು, ಮೇಜಿನ ಕೆಳಗೆ ಬಗ್ಗಿ ನೋಡಿ, ಏನೋ ಒತ್ತಿ, ತಲೆ ಅಲ್ಲಾಡಿಸಿದರು.

"ಅಕ್ಕಾ, ಇದಕ್ಕೆ ಹೊಸ ವರ್ಷನ್ ಕೂರಲ್ಲ. ಇದು ಎಲಿಜಿಬಲ್ ಅಲ್ಲ."

"ಕೆಟ್ಟಿದ್ಯಾ?"

"ಕೆಟ್ಟಿಲ್ಲ. ಎಲಿಜಿಬಲ್ ಅಲ್ಲ."

"ಕೆಟ್ಟಿಲ್ಲ ಅಂದ್ರೆ ಸರಿ ಇದೆ ಅಂತ ತಾನೇ?"

"ಸರಿ ಇದೆ ಅಕ್ಕಾ, ಆದ್ರೆ ಆಗಲ್ಲ." ಪಾಪ, ಅವರ ತಪ್ಪೇನೂ ಇರಲಿಲ್ಲ. ನಮ್ಮೂರ ಕಡೆ ಎಷ್ಟು ಮನೆ, ಎಷ್ಟು ಎಸ್ಟೇಟ್ ಆಫೀಸುಗಳಲ್ಲಿ ಆ ತಿಂಗಳು ಅದೇ ಮಾತು ಹೇಳಿ ಬೈಸಿಕೊಂಡಿದ್ದರೋ.

ಹೊಸ ಕಂಪ್ಯೂಟರ್ ಬಂತು. ಅದರಲ್ಲಿ ನನ್ನ ಹಳೆಯ ಕನ್ನಡ ಟೈಪಿಂಗಿನ ಪ್ರೋಗ್ರಾಂ ನಡೆಯಲಿಲ್ಲ. ಆ ಪ್ರೋಗ್ರಾಮಿಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಬೀಗವಿತ್ತು, ಅದನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದರೆ ಮಾತ್ರ ಅದು ತೆರೆಯುತ್ತಿತ್ತು. ಹೊಸತಕ್ಕೆ ಆ ಬೀಗದ ಗುರುತೇ ಹತ್ತಲಿಲ್ಲ. ಬೀಗ ಕೊಟ್ಟವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆ ಪ್ರೋಗ್ರಾಮಿನಲ್ಲಿ ಟೈಪ್ ಮಾಡಿದ್ದನ್ನು ಹೊಸತರಲ್ಲಿ ತೆರೆದರೆ ಅಕ್ಷರಗಳ ಬದಲು ಚುಕ್ಕೆ, ಗೆರೆ, ಸೊನ್ನೆಗಳು. ಇಪ್ಪತ್ತು ವರ್ಷದಲ್ಲಿ ನಾನು ಹೊಡೆದದ್ದೆಲ್ಲ ಹಾಗೆ ಕಾಣಿಸಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ದಾರಿ ಒಂದಿತ್ತು. ಹಳೆಯ ಕಂಪ್ಯೂಟರಿನಲ್ಲಿ ಒಂದೊಂದೇ ಫೈಲು ತೆರೆದು, ಅಕ್ಷರ ಬದಲಾಯಿಸುವ ಇನ್ನೊಂದು ಪ್ರೋಗ್ರಾಮಿಗೆ ಹಾಕಿ, ಬಂದದ್ದನ್ನು ಓದಿ ತಿದ್ದಿ, ಪೆನ್‌ಡ್ರೈವಿಗೆ ಹಾಕಿ, ಹೊಸದಕ್ಕೆ ಸಾಗಿಸುವುದು. ಕುಶಾಲನಗರದವರು ತಿಂಗಳೊಪ್ಪತ್ತು ಹಳೆಯದನ್ನೂ ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದರು. ನನ್ನ ಮಳಿಗೆಯಲ್ಲಿ ಎರಡು ಕಂಪ್ಯೂಟರ್ ಇಟ್ಟರೆ ಗಿರಾಕಿ ಕೂರುವ ಬೆಂಚು ಆಚೆ ಹೋಗಬೇಕು. ಆಚೆ ಹೋಯಿತು. ಅದರ ಮೇಲೆ ನಮ್ಮವರು ಕೂತರು.

ಹಳೆಯ ಫೈಲು ಯಾರಿಗೆ ಬೇಕು, ಬಿಟ್ಟುಬಿಡು ಎಂದು ಹೇಳಿದವರಿದ್ದಾರೆ. ಅವರಿಗೆ ಗುಡ್ಡ ಜಾರಿದ ವರ್ಷದ ಸಂಗತಿ ಗೊತ್ತಿರಲಿಲ್ಲ. ಮಾದಾಪುರದ ಆಚೆ ಗುಡ್ಡಗಳು ತೋಟ, ಮನೆ, ರಸ್ತೆ ಸಮೇತ ಕೆಳಗಿಳಿದ ಆ ಮಳೆಗಾಲದಲ್ಲಿ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವರು ಒಬ್ಬೊಬ್ಬರಾಗಿ ನನ್ನ ಅಂಗಡಿಗೆ ಬಂದಿದ್ದರು. ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದ ಕಾಗದಗಳೆಲ್ಲ ಪೆಟ್ಟಿಗೆ ಸಮೇತ ಹೋಗಿದ್ದವು. "ಅಕ್ಕಾ, ನಿಮ್ಮ ಹತ್ತಿರ ಇರಬಹುದಾ?" ಅನ್ನುತ್ತಿದ್ದರು, ಇರಲಾರದು ಎಂದು ಗೊತ್ತಿದ್ದೂ ಕೇಳುವವರ ಹಾಗೆ. ನಾನು ಬಸ್ಸು ಕೇಳುತ್ತಿದ್ದೆ. ಹೆಚ್ಚಿನವರು ಹೇಳುತ್ತಿದ್ದದ್ದು ಎರಡೂಕಾಲು. ಮಾದಾಪುರ ದಾಟಿ ಮೇಲೆ ಹತ್ತಿ ಹೋಗುತ್ತಿದ್ದ ಬಸ್ಸು ಅದು. ಕಂಪ್ಯೂಟರಿನಲ್ಲಿ ಆ ಹೊತ್ತಿನ ಹೆಸರಿಟ್ಟ ಜಾಗದಲ್ಲಿ ಅವರ ಪಾಲುಪಟ್ಟಿಯ ಕರಡು, ಸರ್ವೆ ನಂಬರು, ದಸ್ತಾವೇಜಿನ ತಾರೀಕು ಸಿಗುತ್ತಿತ್ತು. ಅದನ್ನು ಹಿಡಿದುಕೊಂಡು ಹೋದರೆ ಕಚೇರಿಯಲ್ಲಿ ನಕಲು ಹುಡುಕಿಸಬಹುದಿತ್ತು. ಆ ಒಂದು ತಿಂಗಳು ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಅನಿಸಿದೆ. ಅದನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ?

ಆಗ ಬಂದವರಲ್ಲಿ ಒಬ್ಬರು ಅರವತ್ತೈದು ಎಪ್ಪತ್ತರ ಗಂಡಸು, ಅರೆಭಾಷೆ ಆಡುವ ಗೌಡರು. ಅವರ ಪಾಲುಪಟ್ಟಿ ಸಿಕ್ಕಿತು. ಅದರ ಪಕ್ಕದಲ್ಲೇ ಅವರು ಎಂದೋ ಬರೆಸಿದ್ದ ಇನ್ನೊಂದು ಪಟ್ಟಿಯೂ ಇತ್ತು. ಅವರ ಮನೆಯಲ್ಲಿ ದೀಪಾವಳಿಯ ಹೊತ್ತಿಗೆ ತೀರಿಹೋದ ಹಿರಿಯರಿಗೆ ಬಾಳೆಲೆ ಹಾಕಿ ಬಡಿಸುತ್ತಾರೆ. ಯಾರ್ಯಾರಿಗೆ, ಯಾವ ಕ್ರಮದಲ್ಲಿ, ಯಾರಿಗೆ ಏನು ಎಂಬ ಪಟ್ಟಿ ಅದು. "ಇದನ್ನೂ ತೆಗೆದುಕೊಡ್ಲಾ?" ಅಂದೆ.

ಅವರು ಹಣೆಯನ್ನು ಬೆರಳಿನಿಂದ ತಟ್ಟಿ, "ಅದು ಇಲ್ಲಿ ಉಟ್ಟು, ಮೇಷ್ಟ್ರಮ್ಮಾ. ಕಾಗದ ಯಾಕೆ ಸುಮ್ಮನೆ?" ಅಂದರು. ಉಟ್ಟು ಅಂದರೆ ಅವರ ಮಾತಿನಲ್ಲಿ ಇದೆ ಎಂದು. ಮೇಷ್ಟರ ಹೆಂಡತಿ ಎಂದು ನನ್ನನ್ನು ಮೇಷ್ಟ್ರಮ್ಮ ಅನ್ನುತ್ತಿದ್ದರು. ನಕ್ಕು ಹೋದರು. ಆ ಪಟ್ಟಿಯನ್ನು ಹಾಗೇ ಮುಚ್ಚಿದೆ.

ಇಷ್ಟೆಲ್ಲ ಗೊತ್ತಿದ್ದವಳು ನಾನು. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ, ಅಂಗಡಿಯಲ್ಲಿ ಜನ ಕಡಿಮೆ ಇರುವ ಹೊತ್ತಿನಲ್ಲಿ, ಬಸ್ಸಿನಿಂದ ಬಸ್ಸಿಗೆ ಸಾಗಿಸುತ್ತಾ ಹೋದೆ. ಹತ್ತೂಮುಕ್ಕಾಲು ಬಸ್ಸು ಮುಗಿಯಲು ನಾಲ್ಕು ದಿನ. ಹನ್ನೊಂದೂವರೆಗೆ ಎರಡು ವಾರ. ಒಂದು ಫೈಲಿನಲ್ಲಿ ಒತ್ತಕ್ಷರ ಹಾರಿಹೋಗಿರುತ್ತಿತ್ತು, ಇನ್ನೊಂದರಲ್ಲಿ ಅಂಕಿಗಳು ಇರುತ್ತಿರಲಿಲ್ಲ. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಕುತ್ತಿಗೆ ಹಿಡಿದುಕೊಂಡು, ಬಲಕ್ಕೆ ತಿರುಗಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದೆ. ನಡುವೆ ಗಿರಾಕಿ ಬಂದರೆ ಹೊಸ ಕಂಪ್ಯೂಟರಿಗೆ ಹಾರಬೇಕು, ಅದರಲ್ಲಿ ಅಕ್ಷರಗಳ ಜಾಗವೇ ಬೇರೆ. ಮೂವತ್ತು ವರ್ಷ ನೋಡದೆ ಟೈಪ್ ಮಾಡಿದವಳು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತುವುದನ್ನು ಗಿರಾಕಿಗಳು ಮರುಕದಿಂದ ನೋಡುತ್ತಿದ್ದರು. ಆ ನೋಟವನ್ನು ತಡೆದುಕೊಳ್ಳುವುದು ಕುತ್ತಿಗೆ ನೋವಿಗಿಂತ ಕಷ್ಟವಾಗಿತ್ತು.

ಎರಡೂಕಾಲು ಬಸ್ಸಿನ ಹತ್ತಿರ ಬಂದಾಗ ತಿಂಗಳು ಕಳೆದಿತ್ತು. ಆ ಬಸ್ಸು ಗುಡ್ಡ ಜಾರಿದ ವರ್ಷವೇ ನಿಂತಿತ್ತು. ಹೋಗಲು ರಸ್ತೆ ಇರಲಿಲ್ಲ, ರಸ್ತೆ ಮಾಡಿದ ಮೇಲೆ ಇಳಿಯಲು ಮನೆಗಳಿರಲಿಲ್ಲ. ಕಾಗದ ಬೇಕಾದವರು ಆಗಲೇ ಬಂದು ತೆಗೆದುಕೊಂಡು ಹೋಗಿದ್ದಾರೆ, ಇನ್ನು ಯಾರು ಬರುತ್ತಾರೆ ಅಂದುಕೊಂಡೆ. ಓಡದ ಬಸ್ಸಿಗೆ ಕಾದು ಕೂರುವುದು ಯಾವ ಬುದ್ಧಿವಂತಿಕೆ? ನಮ್ಮವರನ್ನು ಕೇಳಿದೆ. "ಸಾಕು ಬಿಡೇ, ನಿನ್ನ ಮುಖ ನೋಡಕ್ಕಾಗ್ತಿಲ್ಲ," ಅಂದರು. ಆ ಒಂದನ್ನು ಬಿಟ್ಟು, ನಾಲ್ಕರ ಬಸ್ಸಿನದನ್ನು ಸಾಗಿಸಿ ಮುಗಿಸಿದೆ.

ಕುಶಾಲನಗರದವರು ಹಳೆಯದನ್ನು ಒಯ್ಯಲು ಬಂದಾಗ, "ಅಕ್ಕಾ, ಉಳಿದದ್ದನ್ನ ಹಾಗೇ ಪೆನ್‌ಡ್ರೈವ್‌ಗೆ ಹಾಕಿ ಇಟ್ಕೊಳ್ಳಿ. ಐದು ನಿಮಿಷ," ಅಂದರು.

"ಓದಕ್ಕೆ ಬರದೇ ಇರೋದನ್ನ ಇಟ್ಕಂಡು ಪೂಜೆ ಮಾಡ್ಲಾ?" ಅಂದೆ. ಅಷ್ಟು ಸಾಲದೆಂದು, ಜನರ ಆಸ್ತಿಪಾಸ್ತಿಯ ವಿಷಯ ಇರುವ ಡಿಸ್ಕು, ಬೇರೆಯವರ ಕೈಗೆ ಹೋಗಬಾರದು, ನನ್ನ ಕಣ್ಣೆದುರಿಗೇ ತೂತು ಹೊಡೆಯಿರಿ ಎಂದು ಪಟ್ಟು ಹಿಡಿದೆ. ಪಕ್ಕದ ಬಡಗಿ ಅಂಗಡಿಯಿಂದ ಡ್ರಿಲ್ ತಂದು ನಾಲ್ಕು ಕಡೆ ತೂತು ಹೊಡೆದರು. ಎಷ್ಟು ಜವಾಬ್ದಾರಿ ಹೆಂಗಸು ನಾನು ಎಂದು ನನಗೇ ಅನಿಸಿತು. ಆ ಡಿಸ್ಕು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಪೂಜೆ ಮಾಡ್ಲಾ ಅಂದದ್ದೂ ಕಿವಿಯಲ್ಲಿದೆ.

ದೀಪಾವಳಿಗೆ ಮೂರು ದಿನ ಇರುವಾಗ ಒಬ್ಬರು ವಯಸ್ಸಾದ ಹೆಂಗಸು ಬಂದರು. ಬಿಸಿಲಿನಲ್ಲಿ ನಡೆದು ಬಂದು ಉಸಿರು ಕಟ್ಟಿತ್ತು. ಆಚೆಯ ಬೆಂಚಿನಿಂದ ನಮ್ಮವರು ಎದ್ದು ಜಾಗ ಕೊಟ್ಟರೂ ಕೂರದೆ ಒಳಗೆ ಬಂದು ನಿಂತರು. ನನಗೆ ಗುರುತಾಗಲಿಲ್ಲ. ಅವರು ನಾನು ಕೇಳುವುದಕ್ಕೂ ಕಾಯದೆ, "ನಾವು ಮೊದಲು ಎರಡೂಕಾಲು ಬಸ್ಸಿನವು, ಮೇಷ್ಟ್ರಮ್ಮಾ," ಅಂದರು.

ಹೊಡೆಯುತ್ತಿದ್ದ ಅರ್ಜಿ ನಿಲ್ಲಿಸಿ ಅವರ ಕಡೆ ತಿರುಗಿದೆ.

ಹಣೆ ತಟ್ಟಿಕೊಂಡು ನಕ್ಕು ಹೋದವರ ಹೆಂಡತಿ ಅವರು. ಗಂಡ ಹೋದ ವರ್ಷ ದೀಪಾವಳಿ ಕಳೆದು ತಿಂಗಳಿಗೆ ತೀರಿಕೊಂಡರಂತೆ. ಈಗ ಇರುವುದು ಮನೆ ಕಳೆದುಕೊಂಡವರಿಗೆ ಸರ್ಕಾರ ಕಟ್ಟಿಸಿದ ಮನೆಯಲ್ಲಿ, ಬರುವುದು ಬೇರೆ ಬಸ್ಸಿನಲ್ಲಿ. ಮನೆ ಬೇರೆಯಾದರೂ ಹಿರಿಯರಿಗೆ ಬಡಿಸುವುದನ್ನು ಗಂಡ ಒಂದು ವರ್ಷವೂ ಬಿಟ್ಟಿರಲಿಲ್ಲ. ಇವರು ಅಡಿಗೆ ಮಾಡುವುದು, ಎಲೆ ಕೊಯ್ದು ತರುವುದು. ಅವರು ಬಾಗಿಲು ಹಾಕಿಕೊಂಡು ಒಳಗೆ ಒಬ್ಬರೇ ಬಡಿಸುವುದು. "ನಂಗೆ ಹನ್ನೊಂದು ಎಲೆ ಅಂತ ಗೊತ್ತುಟ್ಟು. ಪ್ರತಿ ವರ್ಷ ನಾನೇ ಕೊಯ್ಯುದಲ್ಲ. ಯಾರ್ದು ಯಾವ್ದು, ಎಂಥ ಹಾಕುದು, ಅದು ಅವ್ಕೇ ಗೊತ್ತಿದ್ದದ್ದು. ಮೇಷ್ಟ್ರಮ್ಮನತ್ರ ಬರೆಸಿದ್ದೇನೆ, ನಾನು ಹೋದ್ರೆ ಅಲ್ಲಿ ಕೇಳು ಅಂತ ಹೇಳಿದ್ರು."

ಅದಕ್ಕೇ ಬರೆಸಿದ್ದರೆಂದು ನನಗೆ ಆಗ ತಿಳಿಯಿತು. ಕಾಗದ ಯಾಕೆ ಸುಮ್ಮನೆ ಅಂದವರು ನನ್ನ ಕಂಪ್ಯೂಟರನ್ನು ನಂಬಿ ಕಾಗದ ಬೇಡ ಅಂದಿದ್ದರು.

ಹುಡುಕುವ ಹಾಗೆ ನಟಿಸಲು ಒಂದು ಕ್ಷಣ ಮನಸ್ಸು ಬಂತು. ಹೊಸ ಕಂಪ್ಯೂಟರಿನಲ್ಲಿ ಬಸ್ಸುಗಳ ಸಾಲನ್ನು ತೆರೆದೂ ಬಿಟ್ಟೆ. ಹತ್ತೂಮುಕ್ಕಾಲು, ಹನ್ನೊಂದೂವರೆ, ಒಂದು ಗಂಟೆ, ಆಮೇಲೆ ನೇರ ನಾಲ್ಕು. ಅವರು ನನ್ನ ಭುಜದ ಪಕ್ಕದಲ್ಲೇ ನಿಂತು ಪರದೆ ನೋಡುತ್ತಿದ್ದರು. ಓದು ಬರುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನ ಕೈಲಿ ಆಗಲಿಲ್ಲ.

"ಅಮ್ಮಾ, ಅದು ಇಲ್ಲ. ಕಂಪ್ಯೂಟರ್ ಬದಲಾಯಿಸಿದೆ. ಆ ಬಸ್ಸಿಂದು ಮಾತ್ರ ತಂದಿಲ್ಲ. ಬಸ್ಸು ನಿಂತಿದೆಯಲ್ಲ, ಯಾರೂ ಬರಲ್ಲ ಅಂದ್ಕಂಡೆ."

"ಹಳೇದು ಎಲ್ಲಿ ಉಟ್ಟು?"

ಡ್ರಾಯರ್ ಎಳೆದು ತೂತು ಹೊಡೆದ ಡಿಸ್ಕು ತೋರಿಸಿದೆ. ಯಾಕೆ ತೋರಿಸಿದೆನೋ. ಅವರು ಅದನ್ನು ಕೈಗೆ ತೆಗೆದುಕೊಂಡು, ತೂತಿನೊಳಗೆ ಕಿರುಬೆರಳು ಹಾಕಿ ನೋಡಿ, ಮೆಲ್ಲಗೆ ವಾಪಸು ಇಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. "ಕೆಟ್ಟು ಹೋತಾ?" ಎಂದು ಕೇಳಿದರು. ಕೆಟ್ಟಿರಲಿಲ್ಲ ಎಂದು ಹೇಳಬೇಕಾಯಿತು.

ನಮ್ಮವರು ಆಚೆಯಿಂದ ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿ ತರಿಸಲು ಹೋದರು. ನಾನು ಹೊಸ ಪುಟ ತೆರೆದೆ. "ನಿಮಗೆ ನೆನಪಿದ್ದಷ್ಟು ಹೇಳಿ. ಅಡಿಗೆ ನೀವೇ ಮಾಡಿದ್ದಲ್ಲ, ಅದರಿಂದ ಹಿಡಿಯೋಣ," ಅಂದೆ. ಅದು ಒಳ್ಳೆಯ ಉಪಾಯವೇ ಆಯಿತು. ಹೆಸರು ಗೊತ್ತಿಲ್ಲದಿದ್ದರೂ ಯಾವ ಪಾತ್ರೆ ಒಳಗೆ ಹೋಗಿ ಎಷ್ಟು ಕಡಿಮೆಯಾಗಿ ಬರುತ್ತಿತ್ತೆಂದು ಅವರಿಗೆ ಗೊತ್ತಿತ್ತು. ಕಳ್ಳು ಮತ್ತು ಕೋಳಿಸಾರು ಗಂಡನ ಮುತ್ತಜ್ಜನಿಗೆ. ಉಪ್ಪಿಲ್ಲದೆ ಬೇರೆ ತೆಗೆದಿಟ್ಟ ಪಲ್ಯ ಅಜ್ಜಿಗೆ, ಕೊನೆಯ ಕಾಲದಲ್ಲಿ ಅವರಿಗೆ ಉಪ್ಪು ಬಿಡಿಸಿದ್ದರಂತೆ, ಸತ್ತ ಮೇಲೂ ಕೊಟ್ಟಿಲ್ಲ. ಹಾರಂಗಿಗೆ ಅಣೆಕಟ್ಟು ಆಗುವ ಮೊದಲು ಹೊಳೆ ದಾಟುವಾಗ ಕೊಚ್ಚಿಕೊಂಡು ಹೋದ ದೊಡ್ಡಪ್ಪನೊಬ್ಬರಿದ್ದರು, ಅವರ ಎಲೆಗೆ ಮೀನು ಹಾಕಬಾರದು. ಜ್ವರದಲ್ಲಿ ಹೋದ ಒಂದು ಮಗುವಿಗೆ ಅವಲಕ್ಕಿ, ಬೆಲ್ಲ. ಮದುವೆಯಾಗದೆ ಉಳಿದ ಅತ್ತೆಯ ಎಲೆ ಒಲೆಯ ಹತ್ತಿರ, ಬೇರೆಯವರ ಸಾಲಿನಲ್ಲಲ್ಲ. ಹೀಗೆ ಒಂದೊಂದಾಗಿ ಬಂತು. ನಾನು ಹೊಸ ಕೀಲಿಗಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೆ. ಆ ದಿನ ಮಾತ್ರ ನನ್ನ ನಿಧಾನ ಸರಿಯಾಗಿತ್ತು, ಅವರ ನೆನಪೂ ಅಷ್ಟೇ ನಿಧಾನವಾಗಿ ಬರುತ್ತಿತ್ತು.

ಹತ್ತು ಎಲೆಯಾಯಿತು. ಹನ್ನೊಂದನೆಯದು ಬರಲಿಲ್ಲ.

"ಕೊನೇದು ಒಂದು ಉಟ್ಟು," ಅಂದರು. "ಆ ಎಲೆಯ ತುದಿ ಮಾತ್ರ ಆಚೆ ಬದಿಗೆ ತಿರುಗಿಸಿ ಹಾಕ್ತಿದ್ರು. ಬಾಗಿಲು ಹಾಕುವ ಮೊದಲು ನೋಡಿದ್ದೆ. ಯಾರಿಗೆ ಅಂತ ಕೇಳಿಲ್ಲೆ." ಕಣ್ಣು ಮುಚ್ಚಿ ಕೂತರು. ಕಾಫಿ ಬಂತು, ಆರಿತು. "ಕೇಳ್ಬೇಕಿತ್ತು," ಅಂದರು.

ನಾನೂ ಕಣ್ಣು ಮುಚ್ಚಿದೆ. ಆ ಪಟ್ಟಿಯನ್ನು ಟೈಪ್ ಮಾಡಿದವಳು ನಾನೇ ತಾನೇ. ಆ ಹನ್ನೊಂದನೆಯ ಹೆಸರು ನನ್ನ ಬೆರಳಿನ ಮೂಲಕವೇ ಹೋಗಿದೆ. ಎಷ್ಟು ಹಿಂಡಿದರೂ ಒಂದು ಅಕ್ಷರವೂ ನೆನಪಾಗಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆಂದು ಓಡಿಸಿ ಓಡಿಸಿ ಹೊಡೆದಿದ್ದೆ, ಏನು ಹೊಡೆಯುತ್ತಿದ್ದೇನೆಂದು ಓದಿರಲಿಲ್ಲ. ಮೂವತ್ತು ವರ್ಷ ಯಾರ ಕಾಗದವನ್ನೂ ನಾನು ಓದಿಲ್ಲ. ಅದನ್ನು ಗುಣವೆಂದು ಹೇಳಿಕೊಂಡು ತಿರುಗಿದ್ದೆ. ಅಳು ಬಂತು. ಗಿರಾಕಿಯ ಎದುರು ಅಳಬಾರದೆಂದು ಪ್ರಿಂಟರಿಗೆ ಹಾಳೆ ಹಾಕುವ ನೆಪದಲ್ಲಿ ತಿರುಗಿ ಕೂತೆ.

"ಆ ಸಾಲು ಹಾಗೇ ಬಿಡಿ ಮೇಷ್ಟ್ರಮ್ಮಾ," ಅಂದರು ಅವರು ಕೊನೆಗೆ. "ಎಲೆಯಂತೂ ಹಾಕ್ತೇನೆ. ಮಾಡಿದ್ದು ಎಲ್ಲಾ ಸ್ವಲ್ಪ ಸ್ವಲ್ಪ ಬಡಿಸ್ತೇನೆ. ಯಾರೇ ಆಗ್ಲಿ, ಬೇಕಾದ್ದು ತಿನ್ನಲಿ. ಹನ್ನೆರಡಕ್ಕೆ ಇವರ್ದು ಹಾಕಿ."

"ಇವರಿಗೆ ಏನು ಬಡಿಸೋದು?"

ಅವರು ಆರಿದ ಕಾಫಿಯ ಲೋಟ ಎತ್ತಿ ಒಂದು ಗುಟುಕು ಕುಡಿದರು. "ಇಂಥದೇ ಬೇಕು ಅಂತ ಅವ್ರು ಬಾಯಿ ಬಿಟ್ಟು ಕೇಳಿದ್ದೇ ಇಲ್ಲೆ. ಬೆಲ್ಲದ ಕಾಫಿ ಅಂತ ಬರೀರಿ."

ಹತ್ತನೆಯ ಸಾಲಿನ ಕೆಳಗೆ ಬಂದೆ. ಹೊಸ ಕಂಪ್ಯೂಟರ್ ತಾನಾಗಿಯೇ ಹನ್ನೊಂದು ಎಂದು ಹಾಕಿತು. ಮುಂದೆ ಏನೂ ಬರೆಯದೆ ಕೆಳಗಿಳಿದೆ. ಹನ್ನೊಂದು ಮಾಯವಾಯಿತು. ಮತ್ತೆ ಹಾಕಿಸಿ ಮತ್ತೆ ಇಳಿದೆ, ಮತ್ತೆ ಅಳಿಸಿತು. ಬರೆಯಲು ಏನೂ ಇಲ್ಲದಿದ್ದರೆ ಅಂಕಿ ಯಾಕೆ ಎಂಬುದು ಅದರ ಲೆಕ್ಕ. ಗಂಡನ ಹೆಸರು ಹೊಡೆದರೆ ಅವರನ್ನೇ ಹನ್ನೊಂದನೆಯವರನ್ನಾಗಿ ಮಾಡಿ ಕೂರಿಸಿತು.

"ಎಂಥಾಯ್ತು?" ಅಂದರು.

"ಏನಿಲ್ಲ ಅಮ್ಮಾ, ಇದಕ್ಕೆ ಗೊತ್ತಾಗಲ್ಲ."

ತಾನಾಗಿ ಅಂಕಿ ಹಾಕುವುದನ್ನು ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಹುಡುಕಿದೆ. ಹುಡುಕುವಷ್ಟು ಹೊತ್ತೂ ಅವರು ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕಾದರು, ಬಸ್ಸಿನ ಮಾತೇ ಎತ್ತಲಿಲ್ಲ. ಕೊನೆಗೆ ಸಿಕ್ಕಿತು, ನಿಲ್ಲಿಸಿದೆ. ಒಂದರಿಂದ ಹತ್ತರವರೆಗೆ ಅಂಕಿಗಳನ್ನು ನಾನೇ ಹೊಡೆದೆ. ಹನ್ನೊಂದು ಹೊಡೆದೆ, ಅದರ ಮುಂದೆ ಖಾಲಿ ಬಿಟ್ಟೆ. ಹನ್ನೆರಡು ಹೊಡೆದು ಅವರ ಹೆಸರು, ಬೆಲ್ಲದ ಕಾಫಿ. ನಾಲ್ಕು ಪ್ರತಿ ತೆಗೆದು, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟೆ. ಅವರು ಒಂದು ಹಾಳೆಯನ್ನು ಹೊರಗೆ ತೆಗೆದು, ಮೇಲಿನಿಂದ ಕೆಳಗೆ ಬೆರಳಿಟ್ಟುಕೊಂಡು ಬಂದು, ಖಾಲಿ ಸಾಲಿನ ಮೇಲೆ ಬೆರಳು ನಿಲ್ಲಿಸಿ, "ಇದು ಸರಿ ಉಟ್ಟು," ಅಂದರು.

ಅವರು ಬಸ್ ಸ್ಟ್ಯಾಂಡಿನ ಕಡೆ ಹೋದ ಮೇಲೆ, ನಾನು ಆ ಹಾಳೆಯ ಒಂದು ಪ್ರತಿಯನ್ನು ನನಗಾಗಿ ತೆಗೆದೆ. ಈ ಸಲ ಓದಿದೆ, ಮೊದಲ ಅಕ್ಷರದಿಂದ ಕೊನೆಯವರೆಗೆ. ಹನ್ನೊಂದನೆಯ ಸಾಲಿಗೆ ಬಂದಾಗ, ಕ್ಷಮಿಸಿ ಎಂದು ಬಾಯಿ ಬಿಟ್ಟೇ ಹೇಳಿದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ.